ಬಿಟಿ ಟವರ್ ಮಾರಾಟವಾಯಿತು, ಸರಿ. ಮೇಲೆ ಹತ್ತುವವರು ಯಾರು?

2024ರ ಫೆಬ್ರವರಿಯಲ್ಲಿ ಲಂಡನ್ನಿನ ಬಿಟಿ ಟವರ್ ಮಾರಾಟವಾಯಿತು. ಕೊಂಡದ್ದು ಅಮೆರಿಕದ ಎಂಸಿಆರ್ ಹೋಟೆಲ್ಸ್ ಕಂಪನಿ. ಬೆಲೆ 27.5 ಕೋಟಿ ಪೌಂಡ್. ದೇಶದ ಫೋನ್ ಕರೆ, ಟಿವಿ ಚಿತ್ರಗಳೆಲ್ಲ ಹಾದುಹೋಗುತ್ತಿದ್ದ ಗೋಪುರ ಇನ್ನು ಹೋಟೆಲ್ ಆಗುತ್ತದಂತೆ ಎಂಬ ಸುದ್ದಿ ಕೇಳಿ ಕೆಲವರು ಬೇಜಾರು ಮಾಡಿಕೊಂಡರು. ಇನ್ನು ಕೆಲವರಿಗೆ ಖುಷಿ. ಯಾಕೆಂದರೆ ನಾಲ್ಕು ದಶಕಗಳಿಂದ ಜನರನ್ನು ಒಳಗೆ ಬಿಡದ ಕಟ್ಟಡ ಅದು. ಹೋಟೆಲ್ ಆದರೆ ಕಾಸು ಕೊಟ್ಟಾದರೂ ಮೇಲೆ ಹೋಗಬಹುದು, ಅಲ್ವಾ?

ಎರಡು ಮಾತಿನಲ್ಲೂ ಅರ್ಧರ್ಧ ಸತ್ಯ ಇದೆ. ಬೇಜಾರಾದವರು ಇದು ಜನರ ಗೋಪುರವಾಗಿತ್ತು ಅಂದುಕೊಂಡಿದ್ದಾರೆ. ಅದು ಹಾಗಿದ್ದದ್ದು ಬಹಳ ಕಡಿಮೆ ಕಾಲ. ಖುಷಿಪಟ್ಟವರು ಹೋಟೆಲ್ ಅಂದರೆ ಬಾಗಿಲು ತೆರೆದ ಹಾಗೆ ಅಂದುಕೊಂಡಿದ್ದಾರೆ. ಅದೂ ಗ್ಯಾರಂಟಿ ಇಲ್ಲ. ಈ ಗೋಪುರವನ್ನು ಕಟ್ಟಿದ್ದೇನೋ ದೂರ ನೋಡುವುದಕ್ಕೇ. ಆದರೆ ನೋಡಬೇಕಾಗಿದ್ದದ್ದು ಯಂತ್ರಗಳು. ಮನುಷ್ಯರು ಅಲ್ಲಿ ಬಂದುಹೋಗುವ ನೆಂಟರು. ಯಂತ್ರಗಳಿಗೆ ಅಡ್ಡಿಯಾಗದಷ್ಟು ದಿನ ಇದ್ದರು, ಆಮೇಲೆ ಹೊರಗೆ ಹೋದರು. ಈಗ ಯಂತ್ರಗಳೇ ಜಾಗ ಖಾಲಿ ಮಾಡುತ್ತಿವೆ.

ಕಣ್ಣಿಗೆ ಕಣ್ಣು ಕಾಣಬೇಕು

1950ರ ದಶಕದ ಕೊನೆಗೆ ಬ್ರಿಟನ್ನಿನ ಅಂಚೆ ಇಲಾಖೆಗೆ ಒಂದು ತಲೆನೋವು ಶುರುವಾಯಿತು. ಆಗ ಅಲ್ಲಿ ಟೆಲಿಫೋನ್ ಕೂಡ ಅಂಚೆ ಇಲಾಖೆಯ ಕೈಯಲ್ಲೇ ಇತ್ತು. 1958ರಲ್ಲಿ ಬ್ರಿಸ್ಟಲ್ ನಗರದಲ್ಲಿ ಎಸ್‌ಟಿಡಿ ಬಂತು. ಆಪರೇಟರ್‌ಗೆ ಹೇಳಿ ಕಾಯದೆ, ನಂಬರ್ ತಿರುಗಿಸಿ ದೂರದ ಊರಿಗೆ ಮಾತಾಡಬಹುದು. ಸುಲಭವಾದ ಮೇಲೆ ಜನ ಜಾಸ್ತಿ ಮಾತಾಡುತ್ತಾರೆ. ಜೊತೆಗೆ ಟಿವಿ ಬೇರೆ ಬೆಳೆಯುತ್ತಿತ್ತು. ಇಷ್ಟನ್ನೆಲ್ಲ ಹೊರಲು ನೆಲ ಅಗೆದು ಕೇಬಲ್ ಹಾಕುತ್ತಾ ಹೋದರೆ ಹಣವೂ ಸಾಲದು, ಸಮಯವೂ ಸಾಲದು.

ಅದಕ್ಕೆ ಸಿಕ್ಕ ದಾರಿ ಮೈಕ್ರೋವೇವ್. ಇದು ಬಹಳ ಸಣ್ಣ ಅಲೆಯ ರೇಡಿಯೋ. ಟಾರ್ಚ್ ಬೆಳಕಿನ ಹಾಗೆ ಒಂದೇ ದಿಕ್ಕಿಗೆ ನೇರವಾಗಿ ಹೋಗುತ್ತದೆ. ಒಂದೇ ಕಿರಣದಲ್ಲಿ ನೂರಾರು ಮಾತುಕತೆ ತುಂಬಿಸಿ ಕಳಿಸಬಹುದು. ತೊಂದರೆ ಏನೆಂದರೆ, ಅದು ಬಾಗುವುದಿಲ್ಲ. ಭೂಮಿ ಗುಂಡಗಿದೆ, ಮಧ್ಯೆ ಗುಡ್ಡಗಳಿವೆ, ಕಟ್ಟಡಗಳಿವೆ. ಕಳಿಸುವ ಆಂಟೆನಾಗೂ ಪಡೆಯುವ ಆಂಟೆನಾಗೂ ಕಣ್ಣಿಗೆ ಕಣ್ಣು ಕಾಣಬೇಕು. ಹಾಗಾಗಿ ಹತ್ತಾರು ಕಿಲೋಮೀಟರಿಗೆ ಒಂದೊಂದು ಗೋಪುರ ನಿಲ್ಲಿಸಿ, ಒಂದರಿಂದ ಒಂದಕ್ಕೆ ಸಿಗ್ನಲ್ ದಾಟಿಸುತ್ತಾ ಹೋಗಬೇಕು.

ಹಾಗಿದ್ದರೆ ಊರ ಹೊರಗೆ ಯಾವುದಾದರೂ ಗುಡ್ಡದ ಮೇಲೆ ಕಟ್ಟಬಹುದಿತ್ತಲ್ಲ? ಲಂಡನ್ನಿನ ನಟ್ಟನಡುವೆ, ಫಿಟ್ಜ್‌ರೋವಿಯಾ ಬಡಾವಣೆಯ ಇಕ್ಕಟ್ಟು ಬೀದಿಗಳ ನಡುವೆ ಯಾಕೆ? ಉತ್ತರ ನೆಲದ ಕೆಳಗಿದೆ. ಅಲ್ಲಿ ಮೊದಲೇ ಮ್ಯೂಸಿಯಂ ಎಂಬ ಹೆಸರಿನ ಟೆಲಿಫೋನ್ ಎಕ್ಸ್‌ಚೇಂಜ್ ಇತ್ತು. ಕೇಬಲ್‌ಗಳು ಅಲ್ಲಿಗೇ ಬಂದು ಸೇರುತ್ತಿದ್ದವು. ಲಂಡನ್ನಿನಿಂದ ಬರ್ಮಿಂಗ್‌ಹ್ಯಾಮ್‌ಗೆ ಟಿವಿ ಚಿತ್ರ ಕಳಿಸಲು 1940ರ ದಶಕದ ಕೊನೆಯಲ್ಲಿ ಅದೇ ಎಕ್ಸ್‌ಚೇಂಜಿನ ತಾರಸಿ ಮೇಲೆ ಒಂದು ಕಬ್ಬಿಣದ ಜಾಲರಿ ಕಂಬ ಹಾಕಿದ್ದರು. ಸುತ್ತ ಕಟ್ಟಡಗಳು ಎತ್ತರವಾಗುತ್ತಾ ಬಂದಾಗ ಆ ಕಂಬ ಸಾಲದಾಯಿತು. ಹೊಸ ಗೋಪುರ ಅದರ ಉತ್ತರಾಧಿಕಾರಿ. ಗುಡ್ಡ ಹುಡುಕುವ ಬದಲು ಕೇಬಲ್ ಇರುವ ಕಡೆಯೇ ಒಂದು ಗುಡ್ಡ ಎಬ್ಬಿಸಿದರು ಅನ್ನಬಹುದು.

ವಿನ್ಯಾಸ ಮಾಡಿದವರು ಸರಕಾರಿ ನೌಕರರು. ಲೋಕೋಪಯೋಗಿ ಮಂತ್ರಾಲಯದ ಎರಿಕ್ ಬೆಡ್‌ಫರ್ಡ್ ಮತ್ತು ಜಿ. ಆರ್. ಯೇಟ್ಸ್. ಕೆಲಸ 1961ರ ಜೂನ್‌ನಲ್ಲಿ ಶುರುವಾಯಿತು, 1964ರ ಜುಲೈನಲ್ಲಿ ತುದಿ ಮುಟ್ಟಿತು. ಎತ್ತರ 177 ಮೀಟರ್, ಮೇಲಿನ ಕಂಬ ಬಿಟ್ಟು. ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟ 111 ಮೀಟರ್ ಅಂದರೆ ವ್ಯತ್ಯಾಸ ಗೊತ್ತಾಗುತ್ತದೆ. 1980ರಲ್ಲಿ ನ್ಯಾಟ್‌ವೆಸ್ಟ್ ಟವರ್ ಬರುವವರೆಗೆ ಲಂಡನ್ನಿನಲ್ಲಿ ಇದಕ್ಕಿಂತ ಎತ್ತರದ ಕಟ್ಟಡ ಇರಲಿಲ್ಲ.

ಅದರ ಆಕಾರವನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಇವತ್ತಿನ ತಕರಾರಿನ ಬೇರು ಅಲ್ಲೇ ಇದೆ. ಗೋಪುರ ಸಪೂರ, ಗುಂಡಗೆ. ಅಂದಕ್ಕೆ ಅಂತ ಹಾಗೆ ಮಾಡಿದ್ದಲ್ಲ. ಗುಂಡಗಿನ ಕಟ್ಟಡಕ್ಕೆ ಗಾಳಿಯ ಹೊಡೆತ ಕಡಿಮೆ. ಮೈಕ್ರೋವೇವ್ ಕಿರಣ ತೀರಾ ತೆಳು. ಗೋಪುರ ಗಾಳಿಗೆ ತೂಗಾಡಿದರೆ ದೂರದಲ್ಲಿರುವ ಇನ್ನೊಂದು ಗೋಪುರಕ್ಕೆ ಕಿರಣ ಗುರಿ ತಪ್ಪುತ್ತದೆ. ಅದಕ್ಕೇ ಗಂಟೆಗೆ 150 ಕಿಲೋಮೀಟರ್ ವೇಗದ ಗಾಳಿ ಬೀಸಿದರೂ 25 ಸೆಂಟಿಮೀಟರಿಗಿಂತ ಜಾಸ್ತಿ ಅಲುಗಬಾರದು ಎಂಬ ಲೆಕ್ಕದಲ್ಲಿ ಕಟ್ಟಿದರು. ಕೆಳಗಿನ 16 ಮಹಡಿಗಳು ಯಂತ್ರೋಪಕರಣ ಮತ್ತು ವಿದ್ಯುತ್ತಿಗೆ. ಅದರ ಮೇಲಿನ 35 ಮೀಟರ್ ಭಾಗಕ್ಕೆ ಗೋಡೆಯೇ ಇಲ್ಲ. ಕೊಂಬಿನ ಆಕಾರದ, ತಟ್ಟೆಯ ಆಕಾರದ ಆಂಟೆನಾಗಳು ಬಯಲಿಗೆ ಮುಖ ಮಾಡಿ ಕೂರುವ ಜಾಗ ಅದು. ಅದಕ್ಕೂ ಮೇಲೆ ಉಳಿದ ಕೆಲವೇ ಮಹಡಿಗಳು ಮನುಷ್ಯರ ಪಾಲಿಗೆ ಬಂದವು.

ಜನ ಮೇಲೆ ಹತ್ತಿದ ಕಾಲ

ಸಿಗ್ನಲ್ ದಾಟಿಸುವ ಗೋಪುರಕ್ಕೆ ಜನರನ್ನು ಯಾಕೆ ಹತ್ತಿಸಬೇಕು? ಈ ಯೋಚನೆ ಲಂಡನ್ನಿನದ್ದಲ್ಲ, ಜರ್ಮನಿಯ ಸ್ಟುಟ್‌ಗಾರ್ಟ್‌ನದ್ದು. ಅಲ್ಲಿನ ಪ್ರಸಾರ ಸಂಸ್ಥೆಗೆ ಬೇಕಾಗಿದ್ದದ್ದು ತಂತಿ ಕಟ್ಟಿ ನಿಲ್ಲಿಸುವ ಮಾಮೂಲಿ ಕಬ್ಬಿಣದ ಕಂಬ. ಫ್ರಿಟ್ಜ್ ಲಿಯೋನ್‌ಹಾರ್ಟ್ ಎಂಬ ಎಂಜಿನಿಯರ್ ಬೇರೆ ಮಾತು ಹೇಳಿದರು: ಕಾಂಕ್ರೀಟಿನಲ್ಲಿ ಕಟ್ಟಿ, ಮೇಲೊಂದು ರೆಸ್ಟೋರೆಂಟ್ ಇಡಿ, ಜನ ಬರುತ್ತಾರೆ. 1956ರಲ್ಲಿ ಅದು ತೆರೆಯಿತು. 42 ಲಕ್ಷ ಮಾರ್ಕ್ ಖರ್ಚಾಗಿತ್ತು. ಐದು ವರ್ಷದಲ್ಲಿ ಟಿಕೆಟ್ ಹಣದಿಂದಲೇ ವಾಪಸ್ ಬಂತು. ಆಮೇಲೆ ಟವರ್ ಕಟ್ಟುವವರ ಲೆಕ್ಕಾಚಾರವೇ ಬದಲಾಯಿತು. ತುದಿಯಲ್ಲಿ ಕಿಟಕಿ ಇಲ್ಲದ ದೊಡ್ಡ ಗೋಪುರ ಎಂದರೆ ದುಡ್ಡು ಬಿಟ್ಟುಕೊಟ್ಟ ಹಾಗೆ.

ಲಂಡನ್ನಿನ ಗೋಪುರ 1965ರ ಅಕ್ಟೋಬರ್ 8ರಂದು ಕೆಲಸ ಶುರು ಮಾಡಿತು. ಪ್ರಧಾನಿ ಹೆರಾಲ್ಡ್ ವಿಲ್ಸನ್ ಉದ್ಘಾಟನೆ ಮಾಡಿ, ಬರ್ಮಿಂಗ್‌ಹ್ಯಾಮ್‌ನ ಮೇಯರ್‌ಗೆ ಮೊದಲ ಕರೆ ಮಾಡಿದರು. ಆಗ ಅದರ ಹೆಸರು ಪೋಸ್ಟ್ ಆಫೀಸ್ ಟವರ್. ಜನರಿಗೆ ಬಾಗಿಲು ತೆರೆದದ್ದು 1966ರ ಮೇ 19ರಂದು. ರಿಬ್ಬನ್ನಿನ ಪಕ್ಕ ನಿಂತ ಜೋಡಿಯೇ ಒಂದು ತಮಾಷೆ. ಒಬ್ಬರು ಅಂಚೆ ಮಂತ್ರಿ ಟೋನಿ ಬೆನ್, ಕಟ್ಟಾ ಸಮಾಜವಾದಿ. ಇನ್ನೊಬ್ಬರು ಬಿಲ್ಲಿ ಬಟ್ಲಿನ್, ದುಡಿಯುವ ಜನರಿಗೆ ಅಗ್ಗದ ರಜಾ ಶಿಬಿರ ನಡೆಸಿ ಶ್ರೀಮಂತರಾದವರು. ಮೇಲಿನ ರೆಸ್ಟೋರೆಂಟ್ ನಡೆಸಿದ್ದು ಬಟ್ಲಿನ್ಸ್ ಕಂಪನಿ. 34ನೇ ಮಹಡಿಯಲ್ಲಿದ್ದ ಅದು ಇಪ್ಪತ್ತು ಚಿಲ್ಲರೆ ನಿಮಿಷಕ್ಕೆ ಒಂದು ಸುತ್ತು ತಿರುಗುತ್ತಿತ್ತು. ಸೂಪು ಕುಡಿಯಲು ಶುರು ಮಾಡಿದಾಗ ಒಂದು ಲಂಡನ್, ಮುಗಿಸುವಾಗ ಇನ್ನೊಂದು. ನೋಡುವುದಕ್ಕೆ ಬೇರೆ ಗ್ಯಾಲರಿಗಳಿದ್ದವು, ನೆನಪಿನ ಕಾಣಿಕೆ ಮಾರುವ ಅಂಗಡಿ ಇತ್ತು. ಲಿಫ್ಟ್ ಅರ್ಧ ನಿಮಿಷದಲ್ಲಿ ಮೇಲೆ ಮುಟ್ಟಿಸುತ್ತಿತ್ತು. ಮೊದಲ ವರ್ಷವೇ ಹತ್ತಿರ ಹತ್ತಿರ ಹತ್ತು ಲಕ್ಷ ಜನ ಬಂದರು.

1971ರ ಅಕ್ಟೋಬರ್ 31ರ ನಸುಕಿನಲ್ಲಿ ರೆಸ್ಟೋರೆಂಟಿನ ಗಂಡಸರ ಶೌಚಾಲಯದ ಸೂರಿನಲ್ಲಿಟ್ಟಿದ್ದ ಬಾಂಬ್ ಸಿಡಿಯಿತು. ಹೊತ್ತು ಬೆಳಗಿನ ಜಾವ ನಾಲ್ಕೂವರೆ, ಹಾಗಾಗಿ ಯಾರಿಗೂ ಪೆಟ್ಟಾಗಲಿಲ್ಲ. ಆಂಗ್ರಿ ಬ್ರಿಗೇಡ್ ಎಂಬ ಅರಾಜಕತಾವಾದಿ ಗುಂಪಿನ ಹೆಸರಲ್ಲಿ ಹೊಣೆ ಹೊತ್ತುಕೊಂಡರು. ಐರ್ಲೆಂಡಿನ ಸಶಸ್ತ್ರ ಗುಂಪಾದ ಐಆರ್‌ಎ ಹೆಸರಿನಲ್ಲೂ ಒಂದು ಫೋನ್ ಕರೆ ಬಂತು. ಜನರ ಓಡಾಟಕ್ಕೆ ಅಲ್ಲಿಂದ ಕಡಿವಾಣ ಬಿತ್ತು.

ಗೋಪುರ ಮುಚ್ಚಿದ್ದೇ ಆ ಬಾಂಬಿನಿಂದ ಅಂತ ಎಲ್ಲರೂ ಬರೆಯುತ್ತಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಬಾಂಬ್ ಸಿಡಿದ ಮೇಲೂ ರೆಸ್ಟೋರೆಂಟ್ ಒಂಬತ್ತು ವರ್ಷ ನಡೆದಿದೆ. ನಿಂತದ್ದು 1980ರಲ್ಲಿ, ಬಟ್ಲಿನ್ಸ್‌ನ ಗುತ್ತಿಗೆ ಮುಗಿದಾಗ. ಭದ್ರತೆಯ ಭಯ ನಿಜವೇ. ಆದರೆ ಭಯ ಒಂದೇ ಆಗಿದ್ದರೆ ಮರುದಿನವೇ ಬೀಗ ಬೀಳಬೇಕಿತ್ತು. ನನ್ನ ಲೆಕ್ಕದಲ್ಲಿ ವಿಷಯ ಇಷ್ಟು: ದೇಶಕ್ಕೆಲ್ಲ ಫೋನ್ ಕೊಡುವ ಸಂಸ್ಥೆಗೆ ಟಿಕೆಟ್ ಹಣ ಚಿಲ್ಲರೆ ಕಾಸು. ಆ ಕಾಸಿಗಾಗಿ ಯಂತ್ರಗಳ ಪಕ್ಕ ಅಪರಿಚಿತರನ್ನು ಓಡಾಡಿಸುವ ಉಸಾಬರಿ ಯಾರಿಗೆ ಬೇಕು? ಗುತ್ತಿಗೆ ಮುಗಿದದ್ದೇ ಒಂದು ನೆಪವಾಯಿತು. ಟೊರೊಂಟೊದಲ್ಲಿ 1976ರಲ್ಲಿ ತೆರೆದ ಸಿಎನ್ ಟವರ್ ಕೂಡ ಸಂಪರ್ಕಕ್ಕೆಂದೇ ಹುಟ್ಟಿದ್ದು. ಅಲ್ಲಿ ಜನ ಹತ್ತುವುದು ಒಂದು ದೊಡ್ಡ ಆದಾಯ. 1994ರಲ್ಲಿ ಗಾಜಿನ ನೆಲ ಹಾಕಿದರು, 2011ರಲ್ಲಿ ಹೊರ ಅಂಚಿನ ಮೇಲೇ ನಡೆಸಲು ಶುರು ಮಾಡಿದರು. ಲಂಡನ್ನಿನಲ್ಲಿ ಅಂಥ ಆಸೆ ಒಡೆಯರಿಗೆ ಬರಲೇ ಇಲ್ಲ.

ಊರಿಗೆಲ್ಲ ಕಂಡ ಗುಟ್ಟು

ಈ ಗೋಪುರದ ಕಥೆಯಲ್ಲಿ ಜನ ಬಾಯಿ ಚಪ್ಪರಿಸಿ ಹೇಳುವ ಭಾಗ ಇದು. ಲಂಡನ್ನಿನ ಯಾವ ಮೂಲೆಯಿಂದ ನೋಡಿದರೂ ಕಾಣುವ ಕಟ್ಟಡ ಕಾಗದದ ಮೇಲೆ ಸರಕಾರಿ ರಹಸ್ಯ! ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ. ಆದರೆ ಇದರಲ್ಲಿ ನಿಜ ಎಷ್ಟು, ಸೇರಿಸಿದ ಮಸಾಲೆ ಎಷ್ಟು ಅಂತ ಬಿಡಿಸಿ ನೋಡಬೇಕು.

ನಿಜ ಏನೆಂದರೆ, ಶೀತಲ ಸಮರದ ಕಾಲದಲ್ಲಿ ದೇಶದ ಸಂಪರ್ಕ ಜಾಲಕ್ಕೆ ಇದು ಬಹಳ ಮುಖ್ಯವಾಗಿತ್ತು. ಅದಕ್ಕೇ ಇದರ ಮಾಹಿತಿ ರಹಸ್ಯ ಕಾಯ್ದೆಯ ಅಡಿಗೆ ಬಂತು. 1978ರಲ್ಲಿ ಡಂಕನ್ ಕ್ಯಾಂಪ್‌ಬೆಲ್ ಎಂಬ ಪತ್ರಕರ್ತರ ಮೇಲೆ ರಹಸ್ಯ ತಾಣಗಳ ಮಾಹಿತಿ ಸೇರಿಸಿದ ಕೇಸು ನಡೆಯಿತು. ಆ ತಾಣಗಳ ಹೆಸರು ಹೇಳುವಂತಿಲ್ಲ ಎಂದು ನ್ಯಾಯಾಧೀಶರು ಹೇಳಿದ್ದರು. ಹಾಗಾಗಿ ಈ ಗೋಪುರ ಕೋರ್ಟಿನಲ್ಲಿ 'ಲೊಕೇಶನ್ 23' ಆಯಿತು. ಆ ಹೊತ್ತಿಗೆ ಅದೇ ಲೊಕೇಶನ್ನಿನ ತುದಿಯಲ್ಲಿ ಜನ ಊಟ ಮಾಡುತ್ತಾ ಸುತ್ತುತ್ತಿದ್ದರು ಎಂಬುದನ್ನು ನೆನಪಿಡಿ.

ಮಸಾಲೆ ಯಾವುದೆಂದರೆ, ನಕ್ಷೆ ಮಾಡುವ ಸರ್ಕಾರಿ ಸಂಸ್ಥೆ ಆರ್ಡ್‌ನನ್ಸ್ ಸರ್ವೇಯ ನಕ್ಷೆಗಳಲ್ಲಿ ಗೋಪುರವೇ ಇರಲಿಲ್ಲ ಎಂಬ ಮಾತು. ಇದು ಎಷ್ಟು ಸಲ ಅಚ್ಚಾಗಿದೆಯೋ ಲೆಕ್ಕವಿಲ್ಲ. ಆದರೆ 1971ರಲ್ಲಿ ಮತ್ತು 1981ರಲ್ಲಿ ಬಂದ ಆ ಸಂಸ್ಥೆಯ ನಕ್ಷೆಗಳಲ್ಲೇ ಗೋಪುರ ಇದೆ. 1993ರಲ್ಲಿ ಸಂಸದೆ ಕೇಟ್ ಹೋಯಿ ಈ ಹುಚ್ಚಾಟವನ್ನು ಸಂಸತ್ತಿನಲ್ಲಿ ಎತ್ತಿ ಆಡಿದರು. ಸದನದಲ್ಲಿ ಮಾತಾಡಿದರೆ ಕೇಸು ಬೀಳುವುದಿಲ್ಲವಲ್ಲ, ಆ ರಕ್ಷಣೆ ಇದೆ ಎಂಬ ಭರವಸೆಯಲ್ಲಿ ಹೇಳುತ್ತೇನೆ, ಗೋಪುರ ನಿಜವಾಗಿಯೂ ಇದೆ, ವಿಳಾಸ 60, ಕ್ಲೀವ್‌ಲ್ಯಾಂಡ್ ಸ್ಟ್ರೀಟ್ ಎಂಬ ಧಾಟಿಯಲ್ಲಿ ತಮಾಷೆ ಮಾಡಿದರು. ಇದನ್ನೇ ಕೆಲವರು ಆಮೇಲೆ ಗೋಪುರದ ರಹಸ್ಯ ಬಯಲಾದ ದಿನ ಎಂಬಂತೆ ಬರೆದರು. ಸುಮ್ನೆ ನಗೆಯಾಡಿದ್ದು ಇತಿಹಾಸವಾಗಿ ಹೋಯಿತು.

ಕಟ್ಟಿದ ಹಣ ಯಾರದ್ದು, ಮಾರಿದ ಹಣ ಯಾರಿಗೆ

ಗುಟ್ಟಿನ ಗದ್ದಲದ ನಡುವೆ ದೊಡ್ಡ ಬದಲಾವಣೆಯೊಂದು ಸದ್ದಿಲ್ಲದೆ ಆಗಿಹೋಯಿತು. 1981ರಲ್ಲಿ ಟೆಲಿಫೋನ್ ವಿಭಾಗ ಅಂಚೆಯಿಂದ ಬೇರೆಯಾಗಿ ಬ್ರಿಟಿಷ್ ಟೆಲಿಕಾಂ, ಅಂದರೆ ಈಗಿನ ಬಿಟಿ, ಆಯಿತು. 1984ರಲ್ಲಿ ಥ್ಯಾಚರ್ ಸರಕಾರ ಅದರ ಅರ್ಧಕ್ಕಿಂತ ಹೆಚ್ಚು ಷೇರುಗಳನ್ನು ಮಾರಿತು. ತಂತಿ, ಎಕ್ಸ್‌ಚೇಂಜ್, ಕಂಬಗಳ ಜೊತೆಗೆ ಗೋಪುರವೂ ಖಾಸಗಿಯಾಯಿತು. ಜನರ ದುಡ್ಡಿನಲ್ಲಿ, ಸರಕಾರಿ ನೌಕರರ ಕೈಯಲ್ಲಿ ಎದ್ದ ಕಟ್ಟಡ ಅದು. 2024ರಲ್ಲಿ ಮಾರಿದಾಗ ಹಣ ಹೋದದ್ದು ಒಂದು ಕಂಪನಿಗೆ. ಕಾನೂನಿನ ಪ್ರಕಾರ ಇದರಲ್ಲಿ ತಪ್ಪೇನೂ ಇಲ್ಲ. ಆದರೆ 'ನಮ್ಮ ಗೋಪುರ ಮಾರಿಬಿಟ್ಟರು' ಎಂದು 2024ರಲ್ಲಿ ಬೇಜಾರಾದವರು ನಲವತ್ತು ವರ್ಷ ತಡವಾಗಿ ಬೇಜಾರಾಗಿದ್ದಾರೆ. ಅದು ಮಾರಾಟವಾದದ್ದು ಆಗಲೇ.

ಇತ್ತ ಯಂತ್ರಗಳ ಕಥೆಯೂ ಮುಗಿಯುತ್ತಾ ಬಂತು. ಕೂದಲಿನಷ್ಟು ತೆಳ್ಳಗಿನ ಆಪ್ಟಿಕಲ್ ಫೈಬರ್ ಬಂದ ಮೇಲೆ ಮೈಕ್ರೋವೇವ್ ಗೋಪುರಗಳು ಬಡವಾದವು. ಫೈಬರಿಗೆ ಎತ್ತರ ಬೇಡ, ಕಣ್ಣಿಗೆ ಕಣ್ಣು ಕಾಣುವುದೂ ಬೇಡ. ನೆಲದಡಿಯಲ್ಲಿ ಹೇಗೆ ಬೇಕಾದರೂ ಬಳಸಿಕೊಂಡು ಹೋಗುತ್ತದೆ. ಯಾವ ಕೇಬಲ್ ದುಬಾರಿ ಎಂದು ಆಕಾಶಕ್ಕೆ ಹತ್ತಿದ್ದರೋ, ಅದರ ಮೊಮ್ಮಗನೇ ಬಂದು ಎಲ್ಲವನ್ನೂ ಮತ್ತೆ ನೆಲಕ್ಕೆ ಇಳಿಸಿದ ಹಾಗಾಯಿತು. ಆದರೂ ಗೋಪುರದ ಬುಡಕ್ಕೆ ಕೆಲಸ ಇತ್ತು. ದೇಶದ ಟಿವಿ ಪ್ರಸಾರ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗುವ ಸ್ವಿಚಿಂಗ್ ಕೇಂದ್ರ ಅಲ್ಲೇ ನಡೆಯುತ್ತಾ ಬಂತು.

2003ರಲ್ಲಿ ಗೋಪುರಕ್ಕೆ ಗ್ರೇಡ್ 2 ಪಾರಂಪರಿಕ ಕಟ್ಟಡದ ಪಟ್ಟ ಸಿಕ್ಕಿತು. ಇದರಿಂದ ಒಂದು ವಿಚಿತ್ರ ಸನ್ನಿವೇಶ ಹುಟ್ಟಿತು. ಕೆಲಸ ನಿಲ್ಲಿಸಿದ ಆಂಟೆನಾಗಳು ಕೂಡ ಪರಂಪರೆಯ ಭಾಗವಾದವು, ಅನುಮತಿ ಇಲ್ಲದೆ ಬಿಚ್ಚುವಂತಿಲ್ಲ. ಅವು ಅಲ್ಲೇ ತುಕ್ಕು ಹಿಡಿಯುತ್ತಾ ಕೂತವು. ಕೊನೆಗೆ ಹಿಡಿಕೆಗಳು ಸಡಿಲವಾಗಿ ಕೆಳಗೆ ಬೀಳುವ ಅಪಾಯ ಬಂದಾಗ ಅನುಮತಿ ಸಿಕ್ಕಿತು. 2011ರ ಡಿಸೆಂಬರಿನಲ್ಲಿ ಕೊನೆಯ ಆಂಟೆನಾವನ್ನೂ ಇಳಿಸಿದರು. ಈಗ ನಡುವಿನ ಆ 35 ಮೀಟರ್ ಭಾಗ ತಿಂದು ಬಿಟ್ಟ ಜೋಳದ ದಂಟಿನಂತೆ ಕಾಣುತ್ತದೆ. ಗೋಪುರವನ್ನು ಗೋಪುರ ಮಾಡಿದ್ದ ಅಂಗವೇ ಇಲ್ಲ. ಅದಕ್ಕೂ ಎರಡು ವರ್ಷ ಮೊದಲು, 2009ರಲ್ಲಿ, ತುದಿಯ ಸುತ್ತ ಒಂದು ದೊಡ್ಡ ಎಲ್‌ಇಡಿ ಪಟ್ಟಿ ಹಾಕಿದ್ದರು. ಒಲಿಂಪಿಕ್ಸ್‌ಗೆ ಇನ್ನೆಷ್ಟು ದಿನ ಎಂದು ಎಣಿಸಿದ್ದು ಅದೇ ಪಟ್ಟಿ. ದೂರ ನೋಡುತ್ತಿದ್ದ ಗೋಪುರ, ಬರೀ ನೋಡಿಸಿಕೊಳ್ಳುವ ಗೋಪುರವಾಯಿತು.

ಜನರನ್ನು ಮತ್ತೆ ಹತ್ತಿಸುವ ಮಾತು ಆಗಾಗ ಬಂತು. 2012ರ ಒಲಿಂಪಿಕ್ಸ್ ಹೊತ್ತಿಗೆ ರೆಸ್ಟೋರೆಂಟ್ ಮತ್ತೆ ತೆರೆಯುತ್ತದೆ ಎಂದು ಸುದ್ದಿಯಾಗಿ, ಆಮೇಲೆ ತಣ್ಣಗಾಯಿತು. 2015ರಲ್ಲಿ, ಐವತ್ತು ವರ್ಷದ ನೆಪದಲ್ಲಿ, ಮೂರು ದಿನ 34ನೇ ಮಹಡಿ ತೆರೆದರು. ಲಾಟರಿ ಎತ್ತಿ ಆರಿಸಿದ್ದು 2,400 ಜನರನ್ನು. ಮೊದಲ ವರ್ಷದ ಹತ್ತು ಲಕ್ಷದ ಪಕ್ಕ ಈ ಸಂಖ್ಯೆ ಇಟ್ಟು ನೋಡಿ.

ಇನ್ನು ಹೋಟೆಲ್ ವಿಷಯ. ಎಂಸಿಆರ್ ಕಂಪನಿಗೆ ಹಳೆ ಕಟ್ಟಡ ಬದುಕಿಸಿದ ಅನುಭವ ಇದೆ. ನ್ಯೂಯಾರ್ಕಿನ ಕೆನಡಿ ವಿಮಾನ ನಿಲ್ದಾಣದಲ್ಲಿ ಏರೊ ಸಾರಿನೆನ್ ವಿನ್ಯಾಸ ಮಾಡಿದ, 1962ರಲ್ಲಿ ತೆರೆದ ಟರ್ಮಿನಲ್ ಒಂದು ಪಾಳು ಬಿದ್ದಿತ್ತು. ಅದನ್ನು 2019ರಲ್ಲಿ ಟಿಡಬ್ಲ್ಯುಎ ಹೋಟೆಲ್ ಮಾಡಿದ್ದು ಇವರೇ. ರೂಮ್ ಮಾಡದವರೂ ಅದರ ಹಜಾರಕ್ಕೆ ಹೋಗಿ ಕೂತು ಬರಬಹುದು. ಇದನ್ನೇ ತೋರಿಸಿ ಲಂಡನ್ನಿನಲ್ಲೂ ಹಾಗೇ ಆಗುತ್ತದೆ ಎನ್ನುವವರಿದ್ದಾರೆ. ನನಗೆ ಈ ಹೋಲಿಕೆ ಕೂಡಿಬರುವುದಿಲ್ಲ. ಟರ್ಮಿನಲ್ ಎಂದರೆ ಸಾವಿರಾರು ಜನ ಓಡಾಡಲೆಂದೇ ಕಟ್ಟಿದ, ನೆಲಕ್ಕೆ ಹರಡಿಕೊಂಡ ಕಟ್ಟಡ. ಅಲ್ಲಿ ಹೊರಗಿನವರು ಬಂದು ಕೂತರೆ ನಷ್ಟ ಇಲ್ಲ. ಗೋಪುರದಲ್ಲಿ ಎಲ್ಲರಿಗೂ ಬೇಕಾದ ಜಾಗ ಮೇಲಿನ ನಾಲ್ಕಾರು ಮಹಡಿ ಮಾತ್ರ. ಅದೂ ಪುಟ್ಟ ಪುಟ್ಟ ಉಂಗುರಗಳು, ನಡುವೆ ಲಿಫ್ಟು, ಮೆಟ್ಟಿಲು, ಪೈಪುಗಳ ತಿರುಳು. ಇಷ್ಟು ಕಡಿಮೆ ಇರುವ ಜಾಗಕ್ಕೆ ಬೆಲೆ ತಾನಾಗಿ ಏರುತ್ತದೆ.

ಬೆಂಕಿಯ ಪ್ರಶ್ನೆ ಬೇರೆ. ಸಪೂರ ಗೋಪುರದಿಂದ ಜನರನ್ನು ಬೇಗ ಇಳಿಸುವುದು ಕಷ್ಟ. ಈ ಗೋಪುರದಲ್ಲಿ ತುರ್ತು ಸಂದರ್ಭದಲ್ಲಿ ಲಿಫ್ಟಿನಲ್ಲೇ ಇಳಿಯಲು ಆಗಿನ ಕಾನೂನಿನಲ್ಲಿ ವಿಶೇಷ ಅವಕಾಶ ಮಾಡಬೇಕಾಗಿ ಬಂತು. ಎಲ್ಲರಿಗೂ ದಾರಿ ತೋರಿಸಿದ ಸ್ಟುಟ್‌ಗಾರ್ಟ್ ಗೋಪುರವನ್ನೇ 2013ರಲ್ಲಿ ಅಗ್ನಿ ಸುರಕ್ಷತೆ ಸಾಲದು ಎಂದು ಜನರಿಗೆ ಮುಚ್ಚಿದರು. ಮತ್ತೆ ತೆರೆಯಲು 2016 ಆಯಿತು. 2000ದಲ್ಲಿ ಮಾಸ್ಕೋದ ಒಸ್ಟಾಂಕಿನೊ ಗೋಪುರಕ್ಕೆ ಬೆಂಕಿ ಬಿದ್ದು ಮೂವರು ಸತ್ತರು. ಹಾಗಾಗಿ ಒಮ್ಮೆಗೆ ಎಷ್ಟು ಜನ ಮೇಲಿರಬಹುದು ಎಂಬುದಕ್ಕೆ ಒಂದು ಮಿತಿ ಇದ್ದೇ ಇರುತ್ತದೆ. ಆ ಮಿತಿಯೊಳಗೆ ಹೋಟೆಲಿನ ಅತಿಥಿಗಳು ಎಷ್ಟು, ಬೀದಿಯಿಂದ ಬಂದವರು ಎಷ್ಟು? ಜಗಳ ಇರುವುದು ಇಲ್ಲಿ.

ಒಡೆಯರ ಒಳ್ಳೆಯತನಕ್ಕೆ ಬಿಟ್ಟರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಲಂಡನ್ನಿನಲ್ಲೇ ಎರಡು ಮಾದರಿ ಇವೆ. ಶಾರ್ಡ್ ಕಟ್ಟಡದ ತುದಿಗೆ ಹೋಗಲು ಟಿಕೆಟ್ ಕೊಳ್ಳಬೇಕು. ಫೆನ್‌ಚರ್ಚ್ ಸ್ಟ್ರೀಟಿನ 20ನೇ ನಂಬರ್ ಕಟ್ಟಡದ ಮೇಲಿರುವ ಸ್ಕೈ ಗಾರ್ಡನ್‌ಗೆ 2015ರಿಂದ ಪುಕ್ಕಟೆ ಪ್ರವೇಶ, ಮೊದಲೇ ಹೆಸರು ಬರೆಸಿದರೆ ಆಯಿತು. ಅದು ಕಟ್ಟಿದವರ ಔದಾರ್ಯ ಅಲ್ಲ. ಅಷ್ಟು ಎತ್ತರ ಕಟ್ಟಲು ಅನುಮತಿ ಕೊಡುವಾಗಲೇ ಜನರಿಗೆ ಜಾಗ ಬಿಡಬೇಕು ಎಂಬ ಮಾತಾಗಿತ್ತು. ಹೇಳಿದ್ದು ಉದ್ಯಾನ, ಸಿಕ್ಕಿದ್ದು ನಾಲ್ಕು ಗಿಡ ಎಂದು ಬೈದವರೂ ಇದ್ದಾರೆ. ಬೈಯಲಿ, ಆದರೂ ಕಾಸಿಲ್ಲದವರು ಮೇಲೆ ಹೋಗಿ ಬರುತ್ತಿದ್ದಾರಲ್ಲ.

ಬಿಟಿ ಟವರ್ ಇರುವುದು ಕ್ಯಾಮ್ಡೆನ್ ಕೌನ್ಸಿಲಿನ ವ್ಯಾಪ್ತಿಯಲ್ಲಿ. ಹೊಸದಾಗಿ ಎತ್ತರ ಕಟ್ಟುವುದು ಇಲ್ಲಿ ಏನೂ ಇಲ್ಲ. ಆದ್ದರಿಂದ ಫೆನ್‌ಚರ್ಚ್ ಸ್ಟ್ರೀಟಿನಂತೆ ಎತ್ತರಕ್ಕೆ ಬದಲಾಗಿ ಜಾಗ ಕೇಳುವ ಹಾಗಿಲ್ಲ. ಆದರೆ ಕಟ್ಟಡದ ಬಳಕೆ ಬದಲಾಗುತ್ತದೆ, ಪಾರಂಪರಿಕ ಪಟ್ಟ ಇದೆ, ಒಂದೊಂದು ಬದಲಾವಣೆಗೂ ಒಪ್ಪಿಗೆ ಬೇಕು. ಕೌನ್ಸಿಲಿನ ಕೈಯಲ್ಲಿರುವ ಹಿಡಿತ ಅದೇ. ಸಮಯವೂ ಇದೆ. ಬಿಟಿ ತನ್ನ ಸಲಕರಣೆಗಳನ್ನು ಬಿಚ್ಚಿ ಹೊರಗೆ ಸಾಗಿಸಲು ವರ್ಷಗಳೇ ಬೇಕು. ಕೊಂಡವರು ಹಣ ಕೊಡುವುದೂ ಹಾಗೆಯೇ, ಹಲವು ವರ್ಷಗಳಲ್ಲಿ ಕಂತು ಕಂತಾಗಿ. ಹೋಟೆಲಿನ ರೂಮು ಹೇಗಿರುತ್ತದೆ, ಈಜುಕೊಳ ಎಲ್ಲಿ ಬರುತ್ತದೆ ಎಂದು ಪತ್ರಿಕೆಗಳು ಚಿತ್ರ ಹಾಕುತ್ತಲೇ ಇರುತ್ತವೆ. ನಾನಂತೂ ಮೊದಲು ತೆಗೆದು ನೋಡುವುದು 34ನೇ ಮಹಡಿಯ ನಕ್ಷೆ, ಮತ್ತು ಅಲ್ಲಿಗೆ ಹೋಗುವ ಲಿಫ್ಟಿನ ಬಾಗಿಲು ಬೀದಿ ಕಡೆಗಿದೆಯೋ ರಿಸೆಪ್ಷನ್ ಒಳಗಿದೆಯೋ ಅನ್ನುವುದನ್ನು.